ಒಳಗೆ ಏನನ್ನೂ ಇಡಬಾರದು

ಬೇರೆ ಸ್ಟಾಂಪುಗಳ ಹಾಗಲ್ಲ ಇವು.
ಬಟ್ಟಲ ನೀರಲ್ಲಿ ನೆನೆಹಾಕಿ, ಗೋಂದು ಬಿಟ್ಟ ಮೇಲೆ
ಚಿಮಟದಲ್ಲಿ ಎತ್ತಿ ಒಣಗಿಸುವಂತಿಲ್ಲ.
ತೆಳು ನೀಲಿ ಕಾಗದಕ್ಕೇ ಅಚ್ಚಾಗಿವೆ
ಆನೆ, ಹತ್ತಿಗಿಡ, ಜಲಪಾತ,
ಹುಟ್ಟುಮಚ್ಚೆಯ ಹಾಗೆ.
ಚಿತ್ರ ಬೇಕೆಂದರೆ ಕಾಗದವನ್ನೇ ಇಟ್ಟುಕೊಳ್ಳಬೇಕು,
ಇಟ್ಟುಕೊಂಡರೆ ಅದರೊಟ್ಟಿಗೆ
ಯಾರದೋ ಹಲ್ಲುನೋವು, ಯಾರದೋ ನಾಮಕರಣ,
ಯಾರದೋ ‘ಇತ್ತ ಎಲ್ಲರೂ ಕ್ಷೇಮ’.

ಇನ್ನೂರ ಹನ್ನೊಂದು ಇವೆ,
ಪೊನ್ನಂಪೇಟೆಯ ಈ ಕೋಣೆಯಲ್ಲಿ,
ಬಿಸ್ಕತ್ತಿನ ತಗಡು ಡಬ್ಬಗಳಲ್ಲಿ, ಕರ್ಪೂರದ ಜೊತೆ.
ನೈಜೀರಿಯ, ಉಗಾಂಡ,
ಟಾಂಗನೀಕ ಆಗಿದ್ದಾಗಿನ ಟಾಂಜಾನಿಯ,
ಹಳೇ ಬೆಲೆಗೆ ಗೀಟು ಹಾಕಿ ಪಕ್ಕದಲ್ಲೇ ಹೊಸ ಬೆಲೆ ಒತ್ತಿದ್ದು.
ಎಲ್ಲದರ ಬೆನ್ನ ಮೇಲೂ ಒಂದೇ ಎಚ್ಚರಿಕೆ:
ಒಳಗೆ ಏನನ್ನೂ ಇಡಬಾರದು,
ಇಟ್ಟರೆ ಸಾಧಾರಣ ಅಂಚೆಯಲ್ಲಿ ಹೋದೀತು.

ಕಾಫಿ ಕ್ಯೂರಿಂಗಿನಲ್ಲಿ ಲೆಕ್ಕ ಬರೆದವನಿಗೆ
ಆಫ್ರಿಕದ ಹುಚ್ಚು ಎಲ್ಲಿಂದ ಅಂಟಿತು, ಎನ್ನುತ್ತಾಳೆ ಹೆಂಡತಿ.
ರೊಬಸ್ಟಾ ಗಿಡವೂ ಅಲ್ಲಿಂದಲೇ ಬಂದದ್ದಲ್ಲವೇ, ಎನ್ನುತ್ತೇನೆ.
ಉತ್ತರ ಅದಲ್ಲ.

ಆಗ ಹನ್ನೊಂದು ನನಗೆ.
ಅಪ್ಪ, ಪೋಸ್ಟ್ ದೇರಣ್ಣ, ಲಕ್ಷ್ಮಣತೀರ್ಥ ಸೇತುವೆ ಹತ್ತಿದ ರಾತ್ರಿ
ಟಪಾಲು ಚೀಲವನ್ನು ಮನೆಗೇ ತಂದು ಒಲೆಯ ಹತ್ತಿರ ತೂಗುಹಾಕಿದ.
ಬಾಯಿ ಸಡಿಲವಿತ್ತು. ಮೇಲೆಯೇ ಇತ್ತು
ಕಂಪಾಲದಿಂದ ದೇಚಮ್ಮ ಟೀಚರಿಗೆ ಬಂದದ್ದು.
ತಲೆಯ ಮೇಲೆ ಬಂಗಾರದ ಕುಚ್ಚು ಹೊತ್ತ ಕೊಕ್ಕರೆ.
ಇಂಥ ಹಕ್ಕಿ ನಮ್ಮ ಗದ್ದೆಗೆ ಯಾವತ್ತೂ ಇಳಿದದ್ದಿಲ್ಲ.
ಅಪ್ಪನ ಗಡ್ಡದ ಬ್ಲೇಡು,
ಉಸಿರು ಬಿಗಿಹಿಡಿದು ನಾಲ್ಕು ಗೀಟು,
ಮೇಲಿನ ಪದರ ಮಾತ್ರ.

‘ಇಲಿ, ಟೀಚರೇ’ ಎಂದನಂತೆ ಅಪ್ಪ ಬೆಳಿಗ್ಗೆ, ನೆಲ ನೋಡುತ್ತ.
ಟೀಚರು ಆ ಚೌಕದೊಳಗೆ ಬೆರಳು ತೂರಿಸಿ
‘ಪರವಾಗಿಲ್ಲ ದೇರಣ್ಣ,
ಲಂಬಕೋನ ಗೊತ್ತಿರುವ ಇಲಿ.’
ಆ ವರ್ಷ ರೇಖಾಗಣಿತದಲ್ಲಿ ನನಗೆ ಪೂರ್ತಿ ಅಂಕ.
ಅದಕ್ಕಿಂತ ದೊಡ್ಡ ಏಟು ಈವರೆಗೆ ತಿಂದಿಲ್ಲ.

ಕೊಕ್ಕರೆಯನ್ನು ಮೈದಾ ಅಂಟು ಬಳಿದು ನೋಟುಬುಕ್ಕಿಗೆ ಒತ್ತಿಬಿಟ್ಟಿದ್ದೆ.
ಬೆನ್ನ ಮೇಲೆ ಏನಿದೆಯೆಂದು ನೋಡಲಿಲ್ಲ.
ಆ ವಯಸ್ಸಿಗೆ ಹಕ್ಕಿಗೆ ಬೆನ್ನಿರುವುದಿಲ್ಲ.

ಮೂವತ್ತು ವರ್ಷದ ಮೇಲೆ
ನನ್ನ ಡಬ್ಬಗಳ ಸುದ್ದಿ ಕೇಳಿ ಬಂದರು ಟೀಚರು,
ಕೈಚೀಲದಿಂದ ಆ ಕಾಗದ ತೆಗೆದರು.
ಅವರ ಮನೆಮಾತು ಕೊಡವ, ಕಾಗದದ ಮಾತು ಕನ್ನಡ.
ಕುಟ್ಟಯ್ಯನವರ ದುಂಡು ಅಕ್ಷರ.
ಸಾಲಿನ ತುದಿಯಲ್ಲಿ ‘ಜನವರಿಗೆ ನೀನು ಇಲ್ಲಿಗೆ ಬರ’,
ಅಲ್ಲಿಗೆ ಅಂಚು.
ಮುಂದಿನ ಸಾಲು ಶುರುವಾಗಬೇಕಾದಲ್ಲಿ ನಾನು ಕೊರೆದ ಕಿಟಕಿ,
ಕಿಟಕಿಯಾಚೆ ‘ಎಂದೇ ನನ್ನ ತೀರ್ಮಾನ.
ಇಲ್ಲಿಯೂ ನಮ್ಮೂರಿನಂತೆಯೇ ಮಂಜು.’

ನೋಟುಬುಕ್ಕಿನ ಹಾಳೆಯನ್ನು ಟಾರ್ಚಿಗೆ ಹಿಡಿದೆ.
ಕೊಕ್ಕರೆಯ ಹೊಟ್ಟೆಯೊಳಗೆ ತಿರುಗುಮುರುಗಾಗಿ ಒಂದು ‘ಬೇ’,
ಆಮೇಲೆ ಬರೀ ಅಂಟಿನ ಕಲೆ.
‘ಕು’ವೋ, ‘ಡ’ವೋ.
ನೀರು ಹಾಕಿದರೆ ಅಂಟು ಬಿಡುತ್ತದೆ. ಇಂಕೂ ಬಿಡುತ್ತದೆ.

ಕೇಳಿ ಬರೆಯಬಹುದಿತ್ತಲ್ಲ ಟೀಚರ್, ಎಂದೆ.
‘ಬರೆದಿದ್ದರೆ ಒಂದೇ ಉತ್ತರ ಬರುತ್ತಿತ್ತು ಕುಶಾಲ.
ಪೇಪರು ತಿದ್ದುವ ತಿಂಗಳು ಬೇಡ ಅಂತ ಓದಿಕೊಂಡೆ,
ಕಾಫಿ ಹೂ ಬಿಟ್ಟಾಗ ಬೇಕು ಅಂತ.’
ಹಬೆಗೆ ಹಿಡಿದು ನೋಡೋಣವೆಂದು
ನೀರು ಕುದಿಯಲಿಟ್ಟೆ.
ಟೀಚರು ಎದ್ದು ಬಂದು ಗ್ಯಾಸು ಆರಿಸಿದರು.
ಅದೇ ನೀರಿಗೆ ಟೀಪುಡಿ ಹಾಕಿದೆವು, ಉಗುರುಬೆಚ್ಚಗಿನ ಕೆಟ್ಟ ಟೀ.

ಹೋದ ವಾರ ಮೈಸೂರಿನ ದಲ್ಲಾಳಿ ಕಳಿಸಿದ್ದಾನೆ,
ಒಂಬೈನೂರು ರೂಪಾಯಿ, ಅದೇ ಕೊಕ್ಕರೆ,
ಯಾರೂ ಬರೆಯದ್ದು, ಮಡಿಕೆಯೂ ಬಿಚ್ಚದ್ದು.
ಬಿಚ್ಚಿದೆ. ಸಂಗ್ರಹಕಾರರು ಬಿಚ್ಚಬಾರದು.
ಒಳಗೆ, ಹಕ್ಕಿಯ ಬೆನ್ನು ಬರುವ ಜಾಗವನ್ನು
ಬೆರಳಿನಿಂದ ಅಳೆದೆ:
ಕುಟ್ಟಯ್ಯನವರ ಕೈಯಲ್ಲಿ ನಾಲ್ಕು ಸಾಲು ಹಿಡಿಸೀತು,
ನನ್ನ ಅಕ್ಷರದಲ್ಲಾದರೆ ಮೂರು.